ಏಟೆಮ್ ಮಿನಿ ಪ್ರೊ: ಎಲ್ಲವೂ ಒಂದೊಂದೇ ಇರುವ ಸ್ವಿಚರ್

ಮದುವೆ ಲೈವ್, ಕಾಲೇಜಿನ ವಾರ್ಷಿಕೋತ್ಸವ, ಮಠದ ಉಪನ್ಯಾಸ, ಬೆಳಗಿನವರೆಗೆ ನಡೆಯುವ ಯಕ್ಷಗಾನ. ಎರಡು ಮೂರು ಕ್ಯಾಮೆರಾ ಇಟ್ಟು ಯೂಟ್ಯೂಬಿಗೆ ಬಿಡುವ ಕೆಲಸಕ್ಕೆ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಏಟೆಮ್ ಮಿನಿ ಪ್ರೊ ಬಹಳ ಮಂದಿ ಕೊಳ್ಳುವ ಸ್ವಿಚರ್, ಅಂದರೆ ಯಾವ ಕ್ಯಾಮೆರಾದ ಚಿತ್ರ ಜನರಿಗೆ ಹೋಗಬೇಕೆಂದು ಆರಿಸುವ ಪೆಟ್ಟಿಗೆ. ಮೆಲ್ಬರ್ನ್‌ನ ಈ ಕಂಪನಿ 2010ರಲ್ಲಿ ಅಮೆರಿಕದ ಎಕೋಲ್ಯಾಬ್ ಅನ್ನು ಕೊಂಡುಕೊಂಡಾಗ ಏಟೆಮ್ ಎಂಬ ಹೆಸರೂ ಅದರ ಜತೆ ಬಂತು. 2019ರಲ್ಲಿ ಅದೇ ಹೆಸರಿನ ಯಂತ್ರವನ್ನು ಒಂದು ಪುಸ್ತಕದಷ್ಟು ಗಾತ್ರಕ್ಕೆ ಇಳಿಸಿ ಏಟೆಮ್ ಮಿನಿ ತಂದರು. 2020ರಲ್ಲಿ ರೆಕಾರ್ಡಿಂಗ್, ಸ್ಟ್ರೀಮಿಂಗ್, ಮಲ್ಟಿವ್ಯೂ (ಎಲ್ಲ ಕ್ಯಾಮೆರಾ ಒಂದೇ ಪರದೆಯಲ್ಲಿ) ಮೂರನ್ನೂ ಸೇರಿಸಿ ಪ್ರೊ ಬಂತು.

ತೀರ್ಪನ್ನು ಮೊದಲೇ ಹೇಳಿಬಿಡೋಣ. ನಾಲ್ಕು ಕ್ಯಾಮೆರಾದೊಳಗಿನ ಕೆಲಸಕ್ಕೆ ಇದು ನಂಬಬಹುದಾದ ಸ್ವಿಚರ್. ಆದರೆ ಇದರೊಳಗೆ ಎಚ್‌ಡಿಎಂಐ ಇನ್‌ಪುಟ್ ನಾಲ್ಕು, ಮೈಕ್ ಇನ್‌ಪುಟ್ ಎರಡು ಇರುವುದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೊಂದೇ: ಒಂದು ಎಚ್‌ಡಿಎಂಐ ಔಟ್, ಒಂದು ಯುಎಸ್‌ಬಿ-ಸಿ, ಒಳಗೆ ತುಂಬಿಟ್ಟ ಚಿತ್ರ ತೋರಿಸುವ ಒಂದು ಮೀಡಿಯಾ ಪ್ಲೇಯರ್, ಚಿತ್ರದ ಮೇಲೆ ಚಿತ್ರ ಕೂರಿಸುವ ಒಂದು ಅಪ್‌ಸ್ಟ್ರೀಮ್ ಕೀಯರ್, ಒಂದು ಡೌನ್‌ಸ್ಟ್ರೀಮ್ ಕೀಯರ್, ಚಿತ್ರವನ್ನು ಕುಗ್ಗಿಸಿ ಸರಿಸುವ ಒಂದು ಡಿವಿಇ, ವಿಡಿಯೋವನ್ನು ಕಳಿಸಲು ಕಿರಿದಾಗಿಸುವ ಒಂದು ಎನ್‌ಕೋಡರ್. ಕಾರ್ಯಕ್ರಮದ ಮಧ್ಯೆ ಕೈಕೊಡುವ ಹೆಚ್ಚಿನ ಸಂದರ್ಭಗಳು ಈ ಒಂದನ್ನು ಎರಡು ಕೆಲಸಕ್ಕೆ ಎಳೆದಾಗ ಬರುತ್ತವೆ. ಬಟನ್ ಮೇಲೆ ಬರೆದ ಪದಕ್ಕೆ ಏನರ್ಥ, ಆ ಪದ ಸಿಗ್ನಲ್ ಹಾದುಹೋಗುವ ದಾರಿಯಲ್ಲಿ ಎಲ್ಲಿ ಕೂತಿದೆ ಎಂಬುದು ಗೊತ್ತಿದ್ದರೆ ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂಬುದು ಮೊದಲೇ ತಿಳಿಯುತ್ತದೆ. ಹಾಗಾಗಿ ಈ ವಿಮರ್ಶೆಯೂ ಆ ದಾರಿಯಲ್ಲೇ ನಡೆಯುತ್ತದೆ.

ಇನ್‌ಪುಟ್‌ನಿಂದ ಶುರು. ಪ್ರತಿ ಇನ್‌ಪುಟ್‌ಗೂ ಒಳಗೆ ಫ್ರೇಮ್ ಸಿಂಕ್ ಮತ್ತು ಸ್ಟ್ಯಾಂಡರ್ಡ್ಸ್ ಕನ್ವರ್ಟರ್ (ಬೇರೆ ಬೇರೆ ಅಳತೆಯ ಚಿತ್ರವನ್ನು ಒಂದೇ ಅಳತೆಗೆ ತರುವುದು) ಇದೆ. ಬೇರೆ ಬೇರೆ ಕ್ಯಾಮೆರಾಗಳು ತಮ್ಮ ತಮ್ಮ ಗಡಿಯಾರದಲ್ಲಿ ಫ್ರೇಮ್ ಕಳಿಸುತ್ತಿರುತ್ತವೆ. ಅವನ್ನು ಹಿಡಿದು ನಿಲ್ಲಿಸಿ ಒಂದೇ ತಾಳಕ್ಕೆ ತರುವುದು ಫ್ರೇಮ್ ಸಿಂಕ್. ಹಳೆಯ ಸ್ಟುಡಿಯೋಗಳಲ್ಲಿ ಇದಕ್ಕಾಗಿ ಎಲ್ಲ ಕ್ಯಾಮೆರಾಗೂ ಜೆನ್‌ಲಾಕ್ ಕೇಬಲ್ ಎಳೆಯುತ್ತಿದ್ದರು. ಇಲ್ಲಿ ಅದು ಬೇಕಿಲ್ಲ, ಬದಲಿಗೆ ಚಿತ್ರ ಸ್ವಲ್ಪ ತಡವಾಗುತ್ತದೆ. ಈ ತಡ ಮುಂದೆ ಆಡಿಯೋದಲ್ಲಿ ಲೆಕ್ಕಕ್ಕೆ ಬರುತ್ತದೆ. 720ಪಿ, 1080ಐ, 1080ಪಿ ಯಾವುದನ್ನು ಕೊಟ್ಟರೂ ತೆಗೆದುಕೊಳ್ಳುತ್ತದೆ, 4ಕೆ ಕೊಟ್ಟರೆ ಚಿತ್ರ ಬರುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಎಚ್‌ಡಿಎಂಐ ರೆಸಲ್ಯೂಷನ್ ಅನ್ನು ಆಟೋದಲ್ಲಿ ಬಿಡದೆ 1080ಕ್ಕೆ ಕೂರಿಸಿ. ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆ ಇರುವ ಸೆಟ್‌ಟಾಪ್ ಬಾಕ್ಸ್ ಅಥವಾ ಓಟಿಟಿ ವಿಡಿಯೋ ಬಂದರೆ ಆ ಕಿಟಕಿ ಕಪ್ಪಾಗಿಯೇ ಇರುತ್ತದೆ. ಅದು ಕೇಬಲ್ ದೋಷ ಅಲ್ಲ.

ಮೊದಲು ಸಿಕ್ಕಿಸಿದ ಕ್ಯಾಮೆರಾದ ಸ್ಟ್ಯಾಂಡರ್ಡ್ ಅನ್ನೇ, ಅಂದರೆ ಚಿತ್ರದ ಗಾತ್ರ ಮತ್ತು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು, ಸ್ವಿಚರ್ ತನ್ನದಾಗಿ ಮಾಡಿಕೊಳ್ಳುತ್ತದೆ. ಆಟೋ ಮೋಡ್ ಅಂದರೆ ಅದು. ಯಾರಾದರೂ 60 ಹರ್ಟ್ಸ್‌ನಲ್ಲಿರುವ ಲ್ಯಾಪ್‌ಟಾಪ್ ಅನ್ನು ಮೊದಲು ಚುಚ್ಚಿದರೆ ಇಡೀ ಕಾರ್ಯಕ್ರಮ 1080ಪಿ60ಕ್ಕೆ ಹೋಗಿ, 25ರಲ್ಲಿರುವ ಕ್ಯಾಮೆರಾಗಳೆಲ್ಲ ಜರ್ಕ್ ಹೊಡೆಯುತ್ತವೆ. ಲ್ಯಾಪ್‌ಟಾಪಿನ ಏಟೆಮ್ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಂಡರ್ಡ್ ಅನ್ನು 1080ಪಿ25 ಅಥವಾ 1080ಪಿ50ಕ್ಕೆ ಕೈಯಾರೆ ಕಟ್ಟಿಹಾಕುವುದು ಒಳ್ಳೆಯದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಕಲ್ಯಾಣ ಮಂಟಪದ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಗುತ್ತವೆ. ಎಲ್ಲ ಕ್ಯಾಮೆರಾಗಳನ್ನೂ ಪಾಲ್‌ಗೆ (ಸೆಕೆಂಡಿಗೆ 25 ಅಥವಾ 50 ಫ್ರೇಮ್) ಹಾಕಿ ಶಟರ್ 1/50 ಅಥವಾ 1/100 ಇಟ್ಟರೆ ಫ್ಲಿಕರ್ ಪಟ್ಟೆ ಹೋಗುತ್ತದೆ. ಒಂದು ಕ್ಯಾಮೆರಾ 1/60ರಲ್ಲಿ ಉಳಿದರೂ ಅದಕ್ಕೆ ಕಟ್ ಮಾಡಿದಾಗಲೆಲ್ಲ ಗೋಡೆ ಉಸಿರಾಡಿದಂತೆ ಕಾಣುತ್ತದೆ.

ಇನ್ನು ಬಟನ್‌ಗಳು. ಪ್ರೋಗ್ರಾಂ ಅಂದರೆ ಈಗ ಜನ ನೋಡುತ್ತಿರುವುದು, ಪ್ರಿವ್ಯೂ ಅಂದರೆ ಮುಂದೆ ಹೋಗಬೇಕಾದದ್ದು. ಕೆಂಪು ಪ್ರೋಗ್ರಾಂ, ಹಸಿರು ಪ್ರಿವ್ಯೂ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಕಟ್ ಬಸ್ ಎಂಬ ಪದದಲ್ಲಿ. ಪೆಟ್ಟಿಗೆ ತೆರೆದಾಗ ಇದು ಕಟ್ ಬಸ್ ಮೋಡ್‌ನಲ್ಲಿರುತ್ತದೆ. ಅಂದರೆ 2 ಒತ್ತಿದರೆ ಕ್ಯಾಮ್ ಟು ಆ ಕ್ಷಣವೇ ಆನ್ ಏರ್. ಒಬ್ಬರೇ ಕೂತು ಮಾಡುವ ಚಿಕ್ಕ ಕಾರ್ಯಕ್ರಮಕ್ಕೆ ಇದು ಸಾಕು. ಕ್ಯಾಮೆರಾಮನ್‌ಗಳಿಗೆ ಹೇಳಿ ಕೇಳಿ ಕಟ್ ಮಾಡುವ ಕೆಲಸಕ್ಕೆ ಇದು ಅಪಾಯ, ಏಕೆಂದರೆ ಫೋಕಸ್ ಎಳೆಯುತ್ತಿರುವ ಕ್ಯಾಮೆರಾ ನೇರ ಹೋಗಿಬಿಡುತ್ತದೆ. ಏಟೆಮ್ ಸಾಫ್ಟ್‌ವೇರ್ ಕಂಟ್ರೋಲ್‌ನ ಪ್ರಿಫರೆನ್ಸಸ್‌ಗೆ ಹೋಗಿ ಪ್ರೋಗ್ರಾಂ/ಪ್ರಿವ್ಯೂ ಆಯ್ಕೆ ಮಾಡಿ. ಆಮೇಲೆ ನಂಬರ್ ಒತ್ತಿದರೆ ಹಸಿರು ಬರುತ್ತದೆ, ಕಟ್ ಅಥವಾ ಆಟೋ ಒತ್ತಿದಾಗ ಮಾತ್ರ ಕೆಂಪಾಗುತ್ತದೆ. ಟಿವಿ ಪಿಸಿಆರ್‌ನಲ್ಲಿ (ಪ್ರೊಡಕ್ಷನ್ ಕಂಟ್ರೋಲ್ ರೂಮ್) ಕೆಲಸ ಮಾಡಿದವರ ಬಾಯಲ್ಲಿ ಬರುವ ‘ಸ್ಟ್ಯಾಂಡ್‌ಬೈ ಟು, ಟೇಕ್ ಟು’ ಎಂಬುದಕ್ಕೆ ಅರ್ಥ ಬರುವುದು ಈ ಮೋಡ್‌ನಲ್ಲಿಯೇ: ಸ್ಟ್ಯಾಂಡ್‌ಬೈಗೆ ಹಸಿರು, ಟೇಕ್‌ಗೆ ಕೆಂಪು.

ಕಟ್ ಅಂದರೆ ಒಂದೇ ಫ್ರೇಮಿನಲ್ಲಿ ಬದಲು. ಆಟೋ ಅಂದರೆ ಆಯ್ಕೆ ಮಾಡಿಟ್ಟ ಟ್ರಾನ್ಸಿಷನ್ ಅನ್ನು ಡ್ಯೂರೇಷನ್ ಬಟನ್‌ನಲ್ಲಿರುವಷ್ಟು ಹೊತ್ತು ಓಡಿಸುವುದು: 0.5, 1, 1.5, 2 ಸೆಕೆಂಡು. ಮಿಕ್ಸ್ ಒಂದು ಚಿತ್ರವನ್ನು ಇನ್ನೊಂದಕ್ಕೆ ಕರಗಿಸುತ್ತದೆ, ಡಿಪ್ ಮಧ್ಯೆ ಒಂದು ಬಣ್ಣಕ್ಕೆ ಮುಳುಗಿ ಏಳುತ್ತದೆ. ಭಾಗವತರ ಪದ್ಯಕ್ಕೆ, ದೇವರ ಪೂಜೆಗೆ 1 ಸೆಕೆಂಡಿನ ಮಿಕ್ಸ್ ಚೆನ್ನ. ಮಾಂಗಲ್ಯಧಾರಣೆಗೆ, ಚೆಂಡೆಯ ಪೆಟ್ಟಿಗೆ ಕುಣಿಯುವ ವೇಷಕ್ಕೆ ಕಟ್ ಬಿಟ್ಟು ಬೇರೆ ಮುಟ್ಟಬೇಡಿ. 2 ಸೆಕೆಂಡಿನ ಮಿಕ್ಸ್ ನಡೆಯುವಾಗ ತಾಳಿ ಕಟ್ಟಿ ಮುಗಿದಿರುತ್ತದೆ. ಪುಷ್, ಸ್ಕ್ವೀಜ್ ಎಂಬ ಡಿವಿಇ ಟ್ರಾನ್ಸಿಷನ್‌ಗಳು ಚಿತ್ರವನ್ನೇ ಎಳೆದು ಕುಗ್ಗಿಸುತ್ತವೆ. ಮೂಲೆಯಲ್ಲಿ ಚಿಕ್ಕ ಚಿತ್ರ ಕೂರಿಸುವ ಪಿಕ್ಚರ್ ಇನ್ ಪಿಕ್ಚರ್ ಬಳಸುವುದೂ ಅದೇ ಒಂದು ಡಿವಿಇಯನ್ನು. ಮೂಲೆಯಲ್ಲಿ ಚಿಕ್ಕ ಕಿಟಕಿ ಇದ್ದಾಗ ಪುಷ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವುದು ಬೇಡ. ಎರಡರಲ್ಲಿ ಒಂದೇ ಸಿಗುವುದು.

ಈಗ ಅತಿ ಹೆಚ್ಚು ಗೊಂದಲ ಇರುವ ಜಾಗ, ಕೀಯರ್. ಒಂದು ಚಿತ್ರದ ಮೇಲೆ ಇನ್ನೊಂದನ್ನು, ಬೇಕಾದ ಭಾಗ ಉಳಿಸಿ ಬೇಡದ್ದನ್ನು ಪಾರದರ್ಶಕ ಮಾಡಿ ಕೂರಿಸುವುದು ಕೀಯಿಂಗ್. ಅಪ್‌ಸ್ಟ್ರೀಮ್ ಅಂದರೆ ಟ್ರಾನ್ಸಿಷನ್‌ಗಿಂತ ಮೇಲಿನ ಹರಿವಿನಲ್ಲಿ, ಡೌನ್‌ಸ್ಟ್ರೀಮ್ ಅಂದರೆ ಅದರ ಕೆಳಗೆ. ನದಿಯನ್ನು ನೆನೆಸಿಕೊಂಡರೆ ಸಾಕು. ಅಪ್‌ಸ್ಟ್ರೀಮ್ ಕೀ ಹಿನ್ನೆಲೆಯ ಜತೆ ಟ್ರಾನ್ಸಿಷನ್‌ನಲ್ಲಿ ಭಾಗವಹಿಸಬಲ್ಲದು. ನೆಕ್ಸ್ಟ್ ಟ್ರಾನ್ಸಿಷನ್ ಎಂಬ ಕಡೆ ಬ್ಯಾಕ್‌ಗ್ರೌಂಡ್ ಮತ್ತು ಕೀ 1 ಎರಡನ್ನೂ ಒತ್ತಿದರೆ ಒಂದೇ ಆಟೋಗೆ ಕ್ಯಾಮೆರಾ ಬದಲಾಗಿ ಮೂಲೆಯ ಕಿಟಕಿಯೂ ಮಾಯವಾಗುತ್ತದೆ. ಹಸಿರು ಪರದೆಯ ಕ್ರೋಮಾ ಕೀ, ಪಿಕ್ಚರ್ ಇನ್ ಪಿಕ್ಚರ್ ಎರಡೂ ಇರುವುದು ಇಲ್ಲೇ, ಹಾಗಾಗಿ ಒಟ್ಟಿಗೆ ಸಿಗುವುದಿಲ್ಲ. ಡೌನ್‌ಸ್ಟ್ರೀಮ್ ಕೀ, ಅಂದರೆ ಡಿಎಸ್‌ಕೆ, ಎಲ್ಲದರ ಮೇಲೆ ಕೂರುತ್ತದೆ. ಕೆಳಗೆ ಎಷ್ಟು ಕಟ್ ಮಾಡಿದರೂ ಅದು ಅಲುಗಾಡದು. ಚಾನೆಲ್ ಲೋಗೊ, ಹೆಸರಿನ ಪಟ್ಟಿ ಇರಬೇಕಾದದ್ದು ಡಿಎಸ್‌ಕೆಯಲ್ಲಿ. ಅದಕ್ಕೂ ಆಚೆ ಕೂತಿರುವುದು ಎಫ್‌ಟಿಬಿ, ಫೇಡ್ ಟು ಬ್ಲ್ಯಾಕ್: ಲೋಗೊ ಸಮೇತ ಎಲ್ಲವನ್ನೂ ಕಪ್ಪು ಮಾಡುತ್ತದೆ. ಪಕ್ಕದ ಬ್ಲ್ಯಾಕ್ ಬಟನ್ ಒತ್ತಿದರೆ ಹಿನ್ನೆಲೆ ಮಾತ್ರ ಕಪ್ಪು, ಲೋಗೊ ಉಳಿಯುತ್ತದೆ. ಎಫ್‌ಟಿಬಿ ಒತ್ತಿ ಮರೆತರೆ ಆ ಬಟನ್ ಮಿನುಗುತ್ತಿರುತ್ತದೆ, ಕ್ಯಾಮೆರಾ ಎಷ್ಟು ಬದಲಿಸಿದರೂ ಚಿತ್ರ ಬರುವುದಿಲ್ಲ. ಕಪ್ಪಾದಾಗ ಧ್ವನಿಯೂ ಇಳಿಯಬೇಕೆಂದರೆ ಎಫ್‌ಟಿಬಿ ಪ್ಯಾಲೆಟ್‌ನಲ್ಲಿ ಆಡಿಯೋ ಫಾಲೋ ವಿಡಿಯೋ ಟಿಕ್ ಮಾಡಬೇಕು. ಮಾಡದಿದ್ದರೆ ಪರದೆ ಕಪ್ಪು, ಆದರೆ ವೇದಿಕೆಯಲ್ಲಿ ಮೈಕ್ ತೆಗೆಯುವವರ ಮಾತು ಲೈವ್.

ಹೆಸರಿನ ಪಟ್ಟಿಗೆ ಟಿವಿಯವರು ಆಸ್ಟನ್ ಅನ್ನುತ್ತಾರೆ, ಮದುವೆ ಕಡೆಯವರು ಲೋವರ್ ಥರ್ಡ್ ಅನ್ನುತ್ತಾರೆ, ವಸ್ತು ಒಂದೇ. ಮಾಡುವ ಕ್ರಮ ಹೀಗೆ: 1920×1080 ಅಳತೆಯ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಮಾಡಿ. ಸಾಫ್ಟ್‌ವೇರ್‌ನ ಮೀಡಿಯಾ ಪೂಲ್‌ಗೆ ಎಳೆದು ಹಾಕಿ, ಒಟ್ಟು 20 ಸ್ಟಿಲ್ ಹಿಡಿಯುತ್ತದೆ. ಬೇಕಾದದ್ದನ್ನು ಮೀಡಿಯಾ ಪ್ಲೇಯರ್ 1ಕ್ಕೆ ಕೂರಿಸಿ. ಡಿಎಸ್‌ಕೆಯಲ್ಲಿ ಫಿಲ್ ಸೋರ್ಸ್ ಮೀಡಿಯಾ ಪ್ಲೇಯರ್ 1, ಕೀ ಸೋರ್ಸ್ ಮೀಡಿಯಾ ಪ್ಲೇಯರ್ 1 ಕೀ. ಫಿಲ್ ಅಂದರೆ ತೋರುವ ಬಣ್ಣ, ಕೀ ಅಂದರೆ ಎಲ್ಲಿ ತೋರಬೇಕು ಎಂಬ ಕತ್ತರಿ. ಪ್ರೀಮಲ್ಟಿಪ್ಲೈಡ್ ಕೀ ಆನ್ ಇರಲಿ. ಅಕ್ಷರದ ಸುತ್ತ ಕೊಳಕು ಅಂಚು ಕಂಡರೆ ಕಾರಣ ಇದೇ ಟಿಕ್ಕಿನಲ್ಲಿರುತ್ತದೆ. ಒಂದೇ ಮೀಡಿಯಾ ಪ್ಲೇಯರ್ ಇರುವುದರಿಂದ ಮುಂಭಾಗದ ಸ್ಟಿಲ್ ಬಟನ್ ಒತ್ತಿದಾಗ ಬರುವುದೂ ಇದೇ ಹೆಸರಿನ ಪಟ್ಟಿ. ‘ಕಾರ್ಯಕ್ರಮ ಸ್ವಲ್ಪ ಹೊತ್ತಿನಲ್ಲಿ ಆರಂಭ’ ಎಂಬ ಪೂರ್ಣ ಪರದೆಯ ಕಾರ್ಡೂ ಹೆಸರಿನ ಪಟ್ಟಿಯೂ ಒಟ್ಟಿಗೆ ಸಿದ್ಧ ಇರಲಾರವು. ಕಾರ್ಡ್ ಬೇಕಿದ್ದರೆ ಲ್ಯಾಪ್‌ಟಾಪಿನಿಂದ ಒಂದು ಇನ್‌ಪುಟ್‌ಗೆ ಕೊಡಿ.

ಹೆಸರು ಕ್ಷಣಕ್ಷಣಕ್ಕೆ ಬದಲಾಗುವ ಸಭೆಗಳಲ್ಲಿ ಲ್ಯಾಪ್‌ಟಾಪ್ ಅನ್ನು ಇನ್‌ಪುಟ್ 4ಕ್ಕೆ ಕೊಟ್ಟು ಡಿಎಸ್‌ಕೆಯಲ್ಲಿ ಲೂಮಾ ಕೀ, ಅಂದರೆ ಬೆಳಕಿನ ಮಟ್ಟ ನೋಡಿ ಕತ್ತರಿಸುವ ಕೀ, ಮಾಡುವುದು ಅನುಕೂಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಕ್ಲಿಪ್ ಎಂಬುದು ಎಷ್ಟು ಬೆಳಕಿನ ಮೇಲಿನದನ್ನು ಉಳಿಸಬೇಕು ಎಂಬ ಗಡಿ, ಗೇನ್ ಎಂಬುದು ಆ ಗಡಿಯ ಮೃದುತ್ವ. ಡಿಸ್‌ಪ್ಲೇ ಎಕ್ಸ್‌ಟೆಂಡ್‌ನಲ್ಲಿರಲಿ, ನೋಟಿಫಿಕೇಷನ್ ಆಫ್ ಇರಲಿ. ಮೌಸ್ ಬಾಣವೂ ಬಿಳಿಯೇ, ಅದು ಆ ಪರದೆಗೆ ಹೋದರೆ ಆನ್ ಏರ್ ಹೋಯಿತು ಎಂದೇ ಲೆಕ್ಕ. ಲೂಮಾ ಕೀ ತೆಳ್ಳಗಿನ ಗೆರೆಗಳನ್ನು ತಿನ್ನುತ್ತದೆ. ನಮ್ಮ ಲಿಪಿಯ ದುಂಡು ತಲೆಕಟ್ಟು, ಒತ್ತಕ್ಷರದ ಸಣ್ಣ ಕೊಂಡಿ ಮೊದಲು ಮಾಯವಾಗುವುದು ಅದರಲ್ಲೇ. ನೋಟೊ ಸಾನ್ಸ್ ಕನ್ನಡದ ಬೋಲ್ಡ್, ಬಲೂ ತಮ್ಮ ಇಂಥ ದಪ್ಪ ಫಾಂಟ್ ತೆಗೆದುಕೊಳ್ಳಿ. ಹೆಚ್ಚಿನವರು ಫೋನಿನಲ್ಲಿ ನೋಡುತ್ತಾರೆ, ಅಕ್ಷರದ ಎತ್ತರ 50 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಪಟ್ಟಿಯ ಎತ್ತರವನ್ನು ‘ರಮ’ ಎಂದು ಬರೆದು ಅಳೆಯಬೇಡಿ, ‘ಸೌ. ವಿಜಯಲಕ್ಷ್ಮೀ’ ಎಂದು ಬರೆದು ಅಳೆಯಿರಿ. ಇಲ್ಲದಿದ್ದರೆ ಒತ್ತು ಪಟ್ಟಿಯಿಂದ ಕೆಳಗೆ ಚೆಲ್ಲುತ್ತದೆ. ಪರದೆಯ ಕೆಳಗಿನಿಂದ 54, ಪಕ್ಕಗಳಿಂದ 96 ಪಿಕ್ಸೆಲ್ ಖಾಲಿ ಬಿಡಿ, ಹಳೆಯ ಟಿವಿಗಳು ಅಂಚನ್ನು ನುಂಗುತ್ತವೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಟೈಪ್ ಪ್ರಿಫರೆನ್ಸಸ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಅಥವಾ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡಬೇಕು. ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿ ತಂದದ್ದು ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಕಸವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಇರಲಿ, ಇಲ್ಲವೇ ಪಿಎನ್‌ಜಿ ಮಾಡಿ ತನ್ನಿ. ಮದುವೆಯಲ್ಲಿ ವಧುವಿನ ಹೆಸರಿನ ಒತ್ತು ತಪ್ಪಿದರೆ ಆ ಮನೆಯವರ ಕಣ್ಣಿಗೆ ಬೇರೆ ಯಾವ ಒಳ್ಳೆಯ ಶಾಟೂ ಕಾಣುವುದಿಲ್ಲ.

ವಿದ್ಯುತ್ ಹೋಗಿ ಬಂದರೆ ಮೀಡಿಯಾ ಪೂಲ್ ಹಾಗೇ ಇರುತ್ತದೆ ಎಂದು ನಂಬಿ ಕೂರಬೇಡಿ. ಎಲ್ಲ ಸಿದ್ಧವಾದ ಮೇಲೆ ಫೈಲ್ ಮೆನುವಿನ ಸೇವ್ ಆ್ಯಸ್ ಕೊಟ್ಟರೆ ಸೆಟ್ಟಿಂಗು, ಚಿತ್ರಗಳು ಲ್ಯಾಪ್‌ಟಾಪಿನಲ್ಲಿ ಉಳಿಯುತ್ತವೆ, ಬೇಕಾದಾಗ ರಿಸ್ಟೋರ್ ಮಾಡಬಹುದು. ಸೇವ್ ಸ್ಟಾರ್ಟಪ್ ಸ್ಟೇಟ್ ಕೂಡ ಒತ್ತಿ. ಆಗ ಪೆಟ್ಟಿಗೆ ಮತ್ತೆ ಆನ್ ಆದಾಗ ಕಟ್ ಬಸ್‌ಗೆ ಮರಳಿ ಬೆಚ್ಚಿಬೀಳಿಸುವುದಿಲ್ಲ.

ಒಂದೇ ಎಚ್‌ಡಿಎಂಐ ಔಟ್ ಎಂಬುದು ಈ ಯಂತ್ರದ ದೊಡ್ಡ ಕೊರತೆ. ಮಲ್ಟಿವ್ಯೂ ಅಂದರೆ ನಾಲ್ಕೂ ಕ್ಯಾಮೆರಾ, ಪ್ರೋಗ್ರಾಂ, ಪ್ರಿವ್ಯೂ, ಸ್ಟಿಲ್, ಆಡಿಯೋ ಮೀಟರ್, ರೆಕಾರ್ಡಿಂಗ್ ಮತ್ತು ಸ್ಟ್ರೀಮಿಂಗ್ ಸ್ಥಿತಿ ಒಂದೇ ಪರದೆಯಲ್ಲಿ. ಆಪರೇಟರ್‌ಗೆ ಅದು ಇಲ್ಲದೆ ಕೆಲಸವಿಲ್ಲ. ಸಭಾಂಗಣದ ಎಲ್‌ಇಡಿ ವಾಲ್‌ಗೆ ಬೇಕಾದದ್ದು ಪ್ರೋಗ್ರಾಂ. ಎರಡಕ್ಕೂ ಇರುವುದು ಒಂದೇ ತೂತು, ಸ್ಪ್ಲಿಟರ್ ಹಾಕಿದರೆ ಎರಡು ಕಡೆಯೂ ಒಂದೇ ಚಿತ್ರ ಹೋಗುತ್ತದೆ. ಈ ಔಟ್‌ನ ಬಟನ್‌ಗಳಲ್ಲಿ ಎಂ/ವಿ (ಮಲ್ಟಿವ್ಯೂ) ಬದಲು ಕೈತಪ್ಪಿ 3 ಒತ್ತಿದರೆ ವಾಲ್ ಮೇಲೆ ಕ್ಯಾಮೆರಾಮನ್ ಫೋಕಸ್ ಹುಡುಕುವುದನ್ನು ಊರೆಲ್ಲ ನೋಡುತ್ತದೆ. ದಾರಿ ಏನೆಂದರೆ ಎಚ್‌ಡಿಎಂಐ ಅನ್ನು ಮಲ್ಟಿವ್ಯೂಗೆ ಇಟ್ಟು, ಯುಎಸ್‌ಬಿ-ಸಿಯಿಂದ ವೆಬ್‌ಕ್ಯಾಮ್ ರೂಪದಲ್ಲಿ ಬರುವ ಪ್ರೋಗ್ರಾಂ ಅನ್ನು ಲ್ಯಾಪ್‌ಟಾಪಿಗೆ ತೆಗೆದುಕೊಂಡು, ಓಬಿಎಸ್ ಎಂಬ ಲೈವ್ ಸಾಫ್ಟ್‌ವೇರ್‌ನಲ್ಲಿ ಪೂರ್ಣ ಪರದೆ ಮಾಡಿ ಅಲ್ಲಿಂದ ವಾಲ್‌ಗೆ ಕೊಡುವುದು. ಇದಕ್ಕೆ ಎರಡು ಬೆಲೆ ತೆರಬೇಕು. ವಾಲ್ ಮೇಲಿನ ಚಿತ್ರ ಇನ್ನಷ್ಟು ತಡವಾಗಿ ಭಾಷಣಕಾರರ ತುಟಿಗೂ ಮಾತಿಗೂ ಹೊಂದದು. ಮತ್ತು ಯುಎಸ್‌ಬಿ ತುಂಬಿದ್ದರಿಂದ ಎಸ್‌ಎಸ್‌ಡಿಗೆ ಜಾಗವಿಲ್ಲ, ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲೇ ಆಗಬೇಕು. ಎಲ್‌ಇಡಿ ವಾಲ್ ಇರುವ ಆರ್ಡರ್‌ಗಳೇ ಹೆಚ್ಚು ಎನ್ನುವವರು ಎರಡು ಎಚ್‌ಡಿಎಂಐ ಔಟ್, ಎರಡು ಯುಎಸ್‌ಬಿ-ಸಿ ಇರುವ ಏಟೆಮ್ ಮಿನಿ ಎಕ್ಸ್‌ಟ್ರೀಮ್ ಕಡೆ ನೋಡುವುದು ಸರಿ.

ಆಡಿಯೋ ಬಗ್ಗೆ ಮೂರು ಮಾತು. ಎಎಫ್‌ವಿ, ಆಡಿಯೋ ಫಾಲೋ ವಿಡಿಯೋ, ಅಂದರೆ ಯಾವ ಕ್ಯಾಮೆರಾ ಆನ್ ಏರ್ ಇದೆಯೋ ಅದರ ಧ್ವನಿ ಮಾತ್ರ. ಮೂರು ಕ್ಯಾಮೆರಾಗೆ ಎಎಫ್‌ವಿ ಹಾಕಿದರೆ ಪ್ರತಿ ಕಟ್‌ಗೂ ಸಭಾಂಗಣದ ಗದ್ದಲ ಬದಲಾಗುತ್ತದೆ. ಸೌಂಡ್ ಮಿಕ್ಸರ್‌ನಿಂದ ಬಂದ ಲೈನನ್ನು ಮೈಕ್ 1ಕ್ಕೆ ಕೊಟ್ಟು ಆನ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಅದನ್ನು ಮೈಕ್ ಅಲ್ಲ, ಲೈನ್ ಎಂದು ಬದಲಿಸಿ. ಒಂದು ಕ್ಯಾಮೆರಾದ ಮೈಕನ್ನು ತೀರಾ ಕಡಿಮೆ ಮಟ್ಟದಲ್ಲಿ ಆನ್ ಇಟ್ಟರೆ ಚಪ್ಪಾಳೆ ಬರುತ್ತದೆ, ಉಳಿದವು ಆಫ್. ಚೆಂಡೆ ಇದ್ದರೆ ಸಾಫ್ಟ್‌ವೇರ್‌ನ ಫೇರ್‌ಲೈಟ್ ಆಡಿಯೋ ಮಿಕ್ಸರ್‌ನಲ್ಲಿ, ಧ್ವನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕದೆ ಬಿಡಬೇಡಿ.

ಎರಡನೆಯದು ತಂತಿ. ಸೌಂಡ್‌ನವರ ಬ್ಯಾಲೆನ್ಸ್ಡ್ ಔಟ್‌ನಲ್ಲಿ ಒಂದೇ ಧ್ವನಿ ಎರಡು ತಂತಿಗಳಲ್ಲಿ ಬರುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ಇದನ್ನು ಹಾಗೇ 3.5 ಎಂಎಂ ಸ್ಟೀರಿಯೋ ಜ್ಯಾಕ್‌ಗೆ ಬೆಸುಗೆ ಹಾಕಿದರೆ ಎಡಕ್ಕೆ ನೇರ, ಬಲಕ್ಕೆ ತಲೆಕೆಳಗು ಹೋಗುತ್ತದೆ. ಹೆಡ್‌ಫೋನ್‌ನಲ್ಲಿ ಧ್ವನಿ ಟೊಳ್ಳಾಗಿ ಕೇಳುತ್ತದೆ, ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಎರಡೂ ಸೇರಿ ಒಂದನ್ನೊಂದು ಕೊಂದು ಮಾತೇ ಇಲ್ಲವಾಗುತ್ತದೆ. ಮೀಟರ್ ಮಾತ್ರ ಚೆನ್ನಾಗಿ ಕುಣಿಯುತ್ತಿರುತ್ತದೆ! ಎಕ್ಸ್‌ಎಲ್‌ಆರ್‌ನ (ಸೌಂಡ್‌ನವರ ಮೂರು ಪಿನ್ನಿನ ಕನೆಕ್ಟರ್) ಪಿನ್ 2 ಅನ್ನು ಜ್ಯಾಕಿನ ಟಿಪ್ ಮತ್ತು ರಿಂಗ್ ಎರಡಕ್ಕೂ, ಪಿನ್ 1 ಅನ್ನು ಸ್ಲೀವ್‌ಗೆ ಕೊಟ್ಟು ಕೇಬಲ್ ಮಾಡಿಸಿಟ್ಟುಕೊಳ್ಳಿ. ಜನರೇಟರ್ ಬಂದಾಗ ಹಮ್ ಎದ್ದರೆ ಮಧ್ಯೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಮೂರನೆಯದು ತುಟಿ ಹೊಂದಿಕೆ. ಮಿಕ್ಸರ್ ಧ್ವನಿ ನೇರ ಬರುತ್ತದೆ, ಚಿತ್ರ ಕ್ಯಾಮೆರಾದೊಳಗೂ ಫ್ರೇಮ್ ಸಿಂಕ್‌ನಲ್ಲೂ ತಡವಾಗಿರುತ್ತದೆ. ಮೈಕ್ ಇನ್‌ಪುಟ್‌ಗೆ 8 ಫ್ರೇಮ್‌ವರೆಗೆ ಡಿಲೇ ಕೊಡಬಹುದು. 25ರಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, 50ರಲ್ಲಿ 20. ಒಬ್ಬರನ್ನು ವೇದಿಕೆಯಲ್ಲಿ ಮೈಕ್ ಮುಂದೆ ಚಪ್ಪಾಳೆ ತಟ್ಟಿಸಿ ರೆಕಾರ್ಡ್ ಮಾಡಿ, ಕೈ ಸೇರುವ ಫ್ರೇಮಿಗೂ ಸದ್ದಿಗೂ ಎಷ್ಟು ಅಂತರ ಎಣಿಸಿ, ಅಷ್ಟನ್ನು ಹಾಕಿ.

ರೆಕಾರ್ಡಿಂಗ್, ಸ್ಟ್ರೀಮಿಂಗ್ ಎರಡಕ್ಕೂ ಇರುವುದು ಒಂದೇ ಎನ್‌ಕೋಡರ್. ಕೊಳ್ಳುವ ಮೊದಲು ಇದು ತಿಳಿದಿರಬೇಕು: ಯೂಟ್ಯೂಬಿಗೆ ಹೋಗುವ ಎಚ್.264 ಹರಿವೇ ಡಿಸ್ಕಿಗೂ ಬರೆಯಲ್ಪಡುತ್ತದೆ. ಸ್ಟ್ರೀಮಿಂಗ್ ಹೈ ಇಟ್ಟರೆ 6ರಿಂದ 9 ಮೆಗಾಬಿಟ್, ರೆಕಾರ್ಡಿಂಗೂ ಅಷ್ಟೇ, ಗಂಟೆಗೆ 25 ಫ್ರೇಮ್‌ನಲ್ಲಿ ಸುಮಾರು 2.7 ಜಿಬಿ. ಮದುವೆ ಆಲ್ಬಂ ವಿಡಿಯೋಗೆ ಇದು ಸಾಲದು, ಕ್ಯಾಮೆರಾ ಕಾರ್ಡಿನಲ್ಲೂ ರೆಕಾರ್ಡ್ ಇರಲಿ. ಲೈವ್ ಇಲ್ಲದ ದಿನ ಹೈಪರ್‌ಡೆಕ್ ಹೈ ಎಂಬ ಗುಣಮಟ್ಟಕ್ಕೆ ಹಾಕಿದರೆ 45ರಿಂದ 70 ಮೆಗಾಬಿಟ್. 25 ಫ್ರೇಮ್‌ನಲ್ಲಿ ಗಂಟೆಗೆ 20 ಜಿಬಿ ಆಸುಪಾಸು, ಎಂಟು ಗಂಟೆಯ ಯಕ್ಷಗಾನದ ಆಟಕ್ಕೆ 160 ಜಿಬಿ ದಾಟುತ್ತದೆ. ಅಗ್ಗದ ಪೆನ್‌ಡ್ರೈವ್ ಈ ವೇಗಕ್ಕೆ ಬರೆಯಲಾರದೆ ಫ್ರೇಮ್ ಬಿಡುತ್ತದೆ, ಎಸ್‌ಎಸ್‌ಡಿಯೇ ಬೇಕು. ವಿಂಡೋಸ್‌ನವರು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಬಳಸುತ್ತಾರೆ. ರೆಕಾರ್ಡಿಂಗ್ ಮಧ್ಯೆ ವಿದ್ಯುತ್ ಹೋದರೆ ಅದರಲ್ಲಿನ ಫೈಲ್ ಕೆಡಬಹುದು. ಸ್ಟಾಪ್ ಒತ್ತಿ ದೀಪ ಆರುವವರೆಗೆ ಕೇಬಲ್ ಮುಟ್ಟಬೇಡಿ. ಪೆಟ್ಟಿಗೆಗೆ ಪವರ್ ಸ್ವಿಚ್ಚೇ ಇಲ್ಲ, 12 ವೋಲ್ಟ್ ಪ್ಲಗ್ ಚುಚ್ಚಿದರೆ ಆನ್. ಜನರೇಟರ್‌ಗೆ ಬದಲಾಗುವ ಆ ಎರಡು ಸೆಕೆಂಡಿಗಾಗಿ ಚಿಕ್ಕದೊಂದು ಯುಪಿಎಸ್‌ನಲ್ಲಿ ಸ್ವಿಚರ್, ರೂಟರ್ ಎರಡೂ ಇರಬೇಕು.

ಸ್ಟ್ರೀಮಿಂಗ್‌ನಲ್ಲಿ ಕಣ್ಣಿಡಬೇಕಾದ ಪದ ಕ್ಯಾಶೆ, ಅಂದರೆ ಕಳಿಸಲು ಬಾಕಿ ಉಳಿದ ವಿಡಿಯೋ. ಮಲ್ಟಿವ್ಯೂ ಮೂಲೆಯಲ್ಲಿ ಅದು ಏರುತ್ತಾ ಹೋದರೆ ಇಂಟರ್ನೆಟ್ ಸಾಲುತ್ತಿಲ್ಲ ಎಂದರ್ಥ. ಬಿಟ್‌ರೇಟ್‌ನ ದುಪ್ಪಟ್ಟು ಅಪ್‌ಲೋಡ್ ಇರುವ ಲೈನ್ ಇಟ್ಟುಕೊಳ್ಳಿ, ಡೌನ್‌ಲೋಡ್ ವೇಗ ತೋರಿಸಿ ಮಂಟಪದವರು ಕೊಡುವ ಭರವಸೆ ಇಲ್ಲಿ ಉಪಯೋಗಕ್ಕೆ ಬಾರದು. ಹೊಸ ಯೂಟ್ಯೂಬ್ ಚಾನೆಲ್‌ನಲ್ಲಿ ಲೈವ್ ತೆರೆದುಕೊಳ್ಳಲು 24 ಗಂಟೆಯವರೆಗೆ ಬೇಕಾಗಬಹುದು, ಮುಹೂರ್ತದ ದಿನ ಬೆಳಿಗ್ಗೆ ಚಾನೆಲ್ ಮಾಡಿದರೆ ಆಗದು.

ಕೇಬಲ್ ಕಡೆ, ಸಾಮಾನ್ಯ ಎಚ್‌ಡಿಎಂಐ 10 ಮೀಟರ್ ದಾಟಿದರೆ ನಂಬಿಕೆ ಇಲ್ಲ. ಅದಕ್ಕಿಂತ ದೂರಕ್ಕೆ ಆಪ್ಟಿಕಲ್ ಎಚ್‌ಡಿಎಂಐ, ಅಥವಾ ಎರಡು ತುದಿಗೂ ಎಸ್‌ಡಿಐ (ದೂರಕ್ಕೆ ಎಳೆಯಬಹುದಾದ ಟಿವಿಯವರ ವಿಡಿಯೋ ಕೇಬಲ್) ಕನ್ವರ್ಟರ್. ಆಪ್ಟಿಕಲ್ ಕೇಬಲಿಗೆ ದಿಕ್ಕಿದೆ, ಸೋರ್ಸ್ ಎಂದು ಬರೆದ ತುದಿ ಕ್ಯಾಮೆರಾಗೇ ಹೋಗಬೇಕು. ಎಳೆದು ನೆಲಕ್ಕೆ ಟೇಪ್ ಹೊಡೆದ ಮೇಲೆ ತಿರುಗುಮುರುಗು ಆಗಿದ್ದು ಗೊತ್ತಾದರೆ ಅರ್ಧ ಗಂಟೆ ಹೋಯಿತು. ಮೈಕ್ರೋ ಎಚ್‌ಡಿಎಂಐ ಇರುವ ಕ್ಯಾಮೆರಾಗೆ ಕೇಜ್ ಮತ್ತು ಕೇಬಲ್ ಕ್ಲ್ಯಾಂಪ್ ಕಡ್ಡಾಯ, ಆ ಸಾಕೆಟ್ ಒಂದು ಎಳೆತಕ್ಕೆ ಸಡಿಲವಾಗುತ್ತದೆ. ಕ್ಯಾಮೆರಾದಲ್ಲಿ ಎಚ್‌ಡಿಎಂಐ ಇನ್ಫೋ (ಚಿತ್ರದ ಮೇಲೆ ಕಾಣುವ ಸೆಟ್ಟಿಂಗಿನ ಬರಹ) ಆಫ್, ಆಟೋ ಪವರ್ ಆಫ್ ಕೂಡ ಆಫ್, ಡಮ್ಮಿ ಬ್ಯಾಟರಿ ಹಾಕಿ ನೇರ ಕರೆಂಟು. ಆನ್ ಏರ್ ಇದ್ದೀರಿ ಎಂದು ಕ್ಯಾಮೆರಾಮನ್‌ಗೆ ಹೇಳುವ ಕೆಂಪು ದೀಪ, ಟ್ಯಾಲಿ, ಎಚ್‌ಡಿಎಂಐ ಮೂಲಕ ಬ್ಲ್ಯಾಕ್‌ಮ್ಯಾಜಿಕ್‌ನದೇ ಪಾಕೆಟ್ ಕ್ಯಾಮೆರಾಗಳಿಗೆ ಬರುತ್ತದೆ, ಬೇರೆ ಕಂಪನಿಯವಕ್ಕೆ ಬಾರದು. ಟಾಕ್‌ಬ್ಯಾಕ್ ಪೆಟ್ಟಿಗೆಯಲ್ಲಿ ಇಲ್ಲ, ವೈರ್‌ಲೆಸ್ ಇಂಟರ್‌ಕಾಂ ಬೇರೆ ಕೊಳ್ಳಬೇಕು.

ಯಾವ ಮಾಡೆಲ್? ಲ್ಯಾಪ್‌ಟಾಪಿನಲ್ಲೇ ಓಬಿಎಸ್ ಓಡಿಸುವವರಿಗೆ ಬರಿಯ ಮಿನಿ ಸಾಕೆನಿಸಬಹುದು, ಆದರೆ ಅದರಲ್ಲಿ ಮಲ್ಟಿವ್ಯೂ ಇಲ್ಲ, ಮೂರು ಕ್ಯಾಮೆರಾವನ್ನು ಕುರುಡಾಗಿ ಕಟ್ ಮಾಡಬೇಕು. ಅದಕ್ಕೆ ಹಣ ಹಾಕಬೇಡಿ. ಪ್ರೊ ಐಎಸ್‌ಓ ನಾಲ್ಕೂ ಇನ್‌ಪುಟ್ ಮತ್ತು ಪ್ರೋಗ್ರಾಂ ಸೇರಿ ಐದು ಫೈಲ್ ಬರೆಯುತ್ತದೆ, ಜತೆಗೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲನ್ನೂ ಕೊಡುತ್ತದೆ. ಲೈವ್‌ನಲ್ಲಿ ತಡವಾಗಿ ಒತ್ತಿದ ಕಟ್ ಅನ್ನು ಟೈಮ್‌ಲೈನ್‌ನಲ್ಲಿ ಹಿಂದಕ್ಕೆ ಎಳೆದರೆ ಮುಗಿಯಿತು. ಕಾರ್ಯಕ್ರಮ ಮುಗಿದ ಮೇಲೆ ಎಡಿಟ್ ಮಾಡಿಯೂ ಕೊಡುವ ಘಟಕಗಳಿಗೆ ಪ್ರೊಗಿಂತ ಐಎಸ್‌ಓ ಸರಿ. ಲೈವ್ ಮುಗಿದರೆ ಕೆಲಸ ಮುಗಿಯಿತು ಎನ್ನುವವರಿಗೆ ಪ್ರೊ ಸಾಕು.